ಬಾಟಲಿಯ ಜೇಡ ಎಲ್ಲಿ?

ನನ್ನ ಮಕ್ಕಳಿಗೆ ನಾನೇ ಶಾಲೆ, ನಾನೇ ಹೆಡ್‌ಮಾಸ್ಟರು, ಅಗತ್ಯ ಬಿದ್ದರೆ ಗಂಟೆ ಬಾರಿಸುವವನೂ ನಾನೇ! ಒಂದು ವರ್ಷದ ಹಿಂದೆ ಊಟದ ಮೇಜು ಕುಟ್ಟಿ ಹೀಗೆ ಘೋಷಿಸಿದ ಮಹಾನುಭಾವ ನಾನು. ಗಡಿಯಾರ ರಿಪೇರಿ ನನ್ನ ಕಸುಬು. ಕೂದಲೆಳೆಯಂಥ ಸ್ಪ್ರಿಂಗನ್ನು ಪಳಗಿಸಿದ ಕೈಗೆ ಎರಡು ಮಕ್ಕಳನ್ನು ಓದಿಸುವುದು ಯಾವ ಘನಂದಾರಿ ಕೆಲಸ?

ಮಗಳಿಗೆ ಹತ್ತು ವರ್ಷ. ಪಾಟೀಸವಾಲು ಹಾಕುವುದರಿಂದ ಅವಳು 'ಲಾಯರಮ್ಮ'. ಮಗನಿಗೆ ಏಳು. ಕಂಡದ್ದನ್ನೆಲ್ಲ ಬಿಚ್ಚಿಡುವುದರಿಂದ ಅವನು 'ಸ್ಕ್ರೂಡ್ರೈವರ್'. ಶಾಲೆಯಲ್ಲಿ ಪ್ರಶ್ನೆ ಕೇಳಿದ್ದಕ್ಕೆ ಲಾಯರಮ್ಮನನ್ನು ದಿನಾ ಕಿಟಕಿ ಪಕ್ಕ ನಿಲ್ಲಿಸುತ್ತಿದ್ದರು. ಮನೆಗೆ ಬಂದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಆ ಮೌನ ತಡೆಯಲಾಗದೆಯೇ ನಾನು ಮೇಜು ಕುಟ್ಟಿದ್ದು. ನಮ್ಮ ಮನೆಶಾಲೆಯ ನಿಯಮ ಒಂದೇ. ಪ್ರಶ್ನೆಗೆ ಬಾಯಲ್ಲಿ ಉತ್ತರವಿಲ್ಲ. ಪ್ರಯೋಗ ಮಾಡಬೇಕು, ದಾಖಲೆ ಪುಸ್ತಕದಲ್ಲಿ ಬರೆಯಬೇಕು. ಬಾಯಲ್ಲಿ ಹೇಳಲು ನನಗೆ ಉತ್ತರ ಗೊತ್ತಿರುತ್ತಿರಲಿಲ್ಲ ಎಂಬುದು ಮನೆಯೊಳಗಿನ ಗುಟ್ಟು!

ಕಳೆದ ಸೋಮವಾರ ಶಿಕ್ಷಣ ಇಲಾಖೆಯಿಂದ ಪತ್ರ ಬಂತು. ಶುಕ್ರವಾರ ಅಧಿಕಾರಿ ಬರುತ್ತಾರೆ, ಅವರಿಗೆ ತೃಪ್ತಿಯಾಗದಿದ್ದರೆ ಮಕ್ಕಳು ಮತ್ತೆ ಶಾಲೆಗೆ. ಪತ್ರವನ್ನು ತಲೆಕೆಳಗಾಗಿ ಹಿಡಿದು ಎರಡು ಸಲ ಓದಿದೆ. ಸರಿಯಾಗಿ ಅದೇ ಹೊತ್ತಿಗೆ ಲಾಯರಮ್ಮ ಬಂದಳು.

"ಅಪ್ಪಾ, ಭಯ ಎಲ್ಲಿರುತ್ತೆ?"

"ಪ್ರಯೋಗ ಮಾಡಿ ನೋಡಮ್ಮಾ! ಈಗ ನನ್ನ ತಲೆ ತಿನ್ಬೇಡ!"

ಮಂಗಳವಾರ ಬೆಳಿಗ್ಗೆ ನನ್ನ ಕೆಲಸದ ಮೇಜಿನ ಮೇಲೆ ಮಕ್ಕಳು ಸಾಕಿದ್ದ ಜೇಡದ ಬಾಟಲಿ ಇತ್ತು. ಜೇಡವೆಂದರೆ ಸಾಮಾನ್ಯದ್ದಲ್ಲ, ಅಂಗೈಯಗಲದ್ದು! ಮುಚ್ಚಳ ಪಕ್ಕದಲ್ಲಿತ್ತು. ಬಾಟಲಿ ಖಾಲಿ.

"ಲೋ, ಜೇಡ ಎಲ್ಲೋ?"

"ಬಾಟಲೀಲಿ ಇಲ್ವಲ್ಲಪ್ಪಾ" ಎಂದು ಸ್ಕ್ರೂಡ್ರೈವರ್ ಆಡಲು ಓಡಿದ.

ಒಪ್ಪಿಕೊಂಡುಬಿಡುತ್ತೇನೆ. ಜೇಡ ಅಂದರೆ ನನಗೆ ಪ್ರಾಣಭಯ. ಅಂದಿನಿಂದ ಪ್ಯಾಂಟಿನ ತುದಿಯನ್ನು ಕಾಲುಚೀಲದೊಳಗೆ ತುರುಕಿಕೊಂಡೆ. ಕಾಲು ನೆಲಕ್ಕೆ ತಾಗದಂತೆ ಕುರ್ಚಿಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಬೂಟು ಹಾಕುವ ಮೊದಲು ಮೂರು ಸಲ ಕೊಡವಿದೆ. ಬುಧವಾರ ಕಣ್ಣಿಗೆ ಮಸೂರ ಸಿಕ್ಕಿಸಿಕೊಂಡು ಗಿರಾಕಿಯೊಬ್ಬರ ಕೈಗಡಿಯಾರ ಬಿಚ್ಚಿದರೆ, ಒಳಗೆ ಕಪ್ಪು ಕಾಲೊಂದು ಮಿಸುಕಿತು! ಕಿಟಾರನೆ ಕಿರುಚಿ ಗಡಿಯಾರವನ್ನು ನೀರಿನ ಬಕೆಟ್ಟಿಗೆ ಎಸೆದೆ. ಆಮೇಲೆ ನೋಡಿದರೆ ಅದು ಸೆಕೆಂಡಿನ ಮುಳ್ಳು.

ಇದರ ನಡುವೆ ಒಂದೇ ಒಂದು ಸಮಾಧಾನ. ಆಸ್ಪತ್ರೆಯಲ್ಲಿ ನರ್ಸಾಗಿರುವ ನನ್ನ ಹೆಂಡತಿ ಆ ವಾರ ಹೊತ್ತುಹೊತ್ತಿಗೆ ಬಂದು ನನ್ನ ಕೈ ಹಿಡಿದುಕೊಳ್ಳುತ್ತಿದ್ದಳು. ಮದುವೆಯಾದ ಹೊಸತರಲ್ಲೂ ಹೀಗೆ ಹಿಡಿದವಳಲ್ಲ!

"ಏನಿವತ್ತು ಇಷ್ಟೊಂದು ಪ್ರೀತಿ?" ಎಂದು ನಾಚಿಕೊಂಡು ಕೇಳಿದೆ.

"ಶ್! ಸುಮ್ನಿರ್ರೀ" ಎಂದು ಅವಳು ಗೋಡೆ ಗಡಿಯಾರದ ಕಡೆ ಮುಖ ತಿರುಗಿಸಿದಳು. ಅವಳಿಗೂ ನಾಚಿಕೆ ಪಾಪ ಅಂದುಕೊಂಡೆ.

ಶುಕ್ರವಾರ ಅಧಿಕಾರಿ ಮೇಡಂ ಬಂದರು. ಅವರ ಕುರ್ಚಿಯ ಕೆಳಗೆ ನಾನು ನಾಲ್ಕನೇ ಸಲ ಬಗ್ಗಿದಾಗ ಕೇಳಿಯೇಬಿಟ್ಟರು.

"ಏನಾದ್ರೂ ಕಳ್ಕೊಂಡಿದೀರಾ?"

ಅಷ್ಟರಲ್ಲಿ ನನ್ನ ಕುತ್ತಿಗೆಗೆ ಏನೋ ಸೋಕಿತು. ನನ್ನದೇ ಕಾಲರಿನ ದಾರ! ಆದರೆ ಅದು ಗೊತ್ತಾಗುವ ಮೊದಲೇ ನಾನು ಊಟದ ಮೇಜಿನ ಮೇಲಿದ್ದೆ.

"ಜೇಡ! ಅಂಗೈಯಗಲ! ನಾಲ್ಕು ದಿನದಿಂದ ಮನೇಲೇ ಇದೆ!"

ಮರುಕ್ಷಣ ಮೇಡಮ್ಮೂ ಫೈಲು, ಚಪ್ಪಲಿ ಸಮೇತ ನನ್ನ ಪಕ್ಕದಲ್ಲಿ ಹಾಜರು!

"ಮಕ್ಕಳು ಓದೋ ಮನೇನಾ ಇದು?" ಎಂದು ಮೇಡಂ ಚೀರಿದರು. "ವರದೀಲಿ ಬರೀತೀನಿ! ಸೋಮವಾರದಿಂದಾನೇ ಶಾಲೆಗೆ ಕಳಿಸಿ!"

ಶಾಲೆಯ ಕಿಟಕಿ ಪಕ್ಕ ನಿಂತ ಮಗಳು ಕಣ್ಣಮುಂದೆ ಬಂದಳು. "ತಪ್ಪು ನಂದು ಮೇಡಂ, ಮಕ್ಕಳದ್ದಲ್ಲ. ದಯವಿಟ್ಟು ಹಾಗೆ ಮಾಡ್ಬೇಡಿ" ಎಂದು ಗೋಗರೆದೆ. ಜೇಡದ ನೆನಪೂ ಹಾರಿಹೋಗಿತ್ತು.

"ಮೇಡಂ, ಇದನ್ನೂ ಓದಿ" ಎಂದು ಲಾಯರಮ್ಮ ಕೆಳಗಿನಿಂದ ದಾಖಲೆ ಪುಸ್ತಕ ನೀಡಿದಳು. ಮೇಡಂ ಮೇಜಿನ ಮೇಲೆ ನಿಂತೇ ಗಟ್ಟಿಯಾಗಿ ಓದಿದರು.

"ಪ್ರಶ್ನೆ: ಭಯ ಎಲ್ಲಿರುತ್ತದೆ? ಸೋಮವಾರ: ಜೇಡವನ್ನು ಹಿತ್ತಲಿಗೆ ಬಿಟ್ಟೆವು. ಮಂಗಳವಾರ: ಖಾಲಿ ಬಾಟಲಿ ಇಟ್ಟೆವು. ಅಪ್ಪನ ನಾಡಿ ತೊಂಬತ್ತಾರು. ಬುಧವಾರ: ಅಪ್ಪ ಗಡಿಯಾರವನ್ನು ಬಕೆಟ್ಟಿಗೆ ಎಸೆದರು. ನೂರಾ ಎಂಟು. ಗುರುವಾರ: ಅಮ್ಮ ಇಲಾಖೆಯ ಪತ್ರದ ಮಾತೆತ್ತಿದರು. ನೂರಾ ಇಪ್ಪತ್ತು! ಉತ್ತರ: ಭಯ ಬಾಟಲಿಯಲ್ಲಿಲ್ಲ, ಅಪ್ಪನೊಳಗೆ ಇದೆ. ಅಪ್ಪನಿಗೆ ಜೇಡಕ್ಕಿಂತ ನಮ್ಮನ್ನು ಶಾಲೆಗೆ ಕಳಿಸುವುದೇ ಹೆಚ್ಚು ಭಯ."

ಮೇಡಂ ಕೊನೆಯ ಸಾಲನ್ನು ಇನ್ನೊಮ್ಮೆ ಓದಿದರು. ಆಮೇಲೆ ಅಲ್ಲೇ ಕುಕ್ಕರುಗಾಲಲ್ಲಿ ಕೂತು ಮನೆಶಾಲೆಯ ಅನುಮತಿ ಪತ್ರಕ್ಕೆ ಸಹಿ ಹಾಕಿದರು.

"ಮೇಡಂ, ಈಗ ನಿಮ್ಮ ನಾಡಿ ನೋಡ್ಲಾ?" ಎಂದ ಸ್ಕ್ರೂಡ್ರೈವರ್.

"ಬೇಡಪ್ಪಾ!" ಎಂದು ಕೈ ಹಿಂದಕ್ಕೆಳೆದುಕೊಂಡು ಕೇಳಿದರು, "ಅಪ್ಪಂಗೆ ಗೊತ್ತಾಗ್ದಂಗೆ ನಾಡಿ ಎಣಿಸಿದ್ದು ಯಾರು?"

ನಾನು ಮೇಜಿನ ಮೇಲಿಂದಲೇ ಬಾಗಿಲ ಕಡೆ ನೋಡಿದೆ. ಹೆಂಡತಿ ಸೆರಗಲ್ಲಿ ನಗು ಮುಚ್ಚಿಕೊಂಡು ನಿಂತಿದ್ದಳು.

"ಹಾಗಾದ್ರೆ... ನೀನು ಕೈ ಹಿಡಿದಿದ್ದು?"

"ಮತ್ತಿನ್ನೇನ್ರೀ? ನೀವು ಪ್ರತಿ ಸಲ ನಾಚಿಕೊಂಡು 'ಏನಿವತ್ತು ಇಷ್ಟೊಂದು ಪ್ರೀತಿ' ಅನ್ನೋದು, ನಂಗೆ ಲೆಕ್ಕ ತಪ್ಪೋದು, ಮತ್ತೆ ಒಂದರಿಂದ ಎಣಿಸೋದು!"