ಹಲಸೂರು ಬೀದಿಗೆ ನಾನು ಎಳೆದ ಗೆರೆ

ಗಂಡೆದೆಯವನು ಒಂದು ಕೆಲಸಕ್ಕೆ ಕೈ ಹಾಕಿದರೆ ಊರಿಗೆ ಊರೇ ಅಡ್ಡ ಬರುತ್ತೆ. ನನ್ನ ವಿಷಯದಲ್ಲಂತೂ ಇದು ಒಂದು ಸಲವೂ ತಪ್ಪಿಲ್ಲ. ಹೊಸಕೋಟೆ ಕಡೆಯ ನಮ್ಮ ಹಳ್ಳಿಯಲ್ಲಿ ಓಡುವ ಹೋರಿಯ ಕೊಂಬು ಹಿಡಿದು ನಿಲ್ಲಿಸಿದವನು ನಾನು. ಯುದ್ಧದ ಕಾಲದಲ್ಲಿ ದಂಡಿಗೆ, ಅಂದರೆ ಕಂಟೋನ್ಮೆಂಟಿಗೆ, ಬಂದು ರಸ್ತೆ ಕಚೇರಿಯಲ್ಲಿ ಕೆಲಸಕ್ಕೆ ಸೇರಿದೆ. ಹೊರಡುವಾಗ, ದಂಡಿನ ರಸ್ತೆಗಳೆಲ್ಲ ಇನ್ಮೇಲೆ ನನ್ನ ಕೈಯಲ್ಲಿ ಅಂತ ಎಲ್ಲರಿಗೂ ಸಾರಿಯೇ ಬಂದಿದ್ದೆ.

ಹಲಸೂರು ಬಜಾರಿನಲ್ಲಿ ಆಗ ಮಿಲಿಟರಿ ಲಾರಿ, ಜಟಕಾ, ಎತ್ತಿನ ಗಾಡಿ, ಸೈಕಲ್ಲು, ತಲೆಹೊರೆಯವರು ಎಲ್ಲ ಒಂದೇ ಬೀದಿಯಲ್ಲಿ ನುಗ್ಗುತ್ತಿದ್ದರು. ಬೀದಿಗೆ ಅಡ್ಡಲಾಗಿ ಎರಡು ಸುಣ್ಣದ ಗೆರೆ ಎಳೀಬೇಕು, ಜನ ಅದರ ನಡುವೆ ದಾಟಬೇಕು, ಗಾಡಿಗಳು ಗೆರೆಯ ಆಚೆಯೇ ನಿಲ್ಲಬೇಕು ಅಂತ ಹುಕುಂ ಆಯಿತು. ಕೆಲಸ ನನ್ನ ಪಾಲಿಗೆ ಬಂತು. ಓವರ್‌ಸಿಯರು ಕರೆದು, ದೀಪಾವಳಿ ತನಕ ನೋಡ್ತೀನಿ, ಯಾರೂ ಅಲ್ಲಿ ದಾಟದಿದ್ದರೆ ಗೆರೆಯನ್ನೂ ಅಳಿಸ್ತೀನಿ, ನಿನ್ನನ್ನೂ ಊರಿಗೆ ಅಟ್ತೀನಿ ಅಂದರು. ಅಷ್ಟೆಲ್ಲ ಸಾರಿ ಬಂದವನು ಯಾವ ಮುಖ ಹೊತ್ತು ವಾಪಸ್ಸು ಹೋಗಲಿ?

ನಿಂಬೆಹಣ್ಣು

ಗೆರೆ ಎಂಥಾ ಗೆರೆ ಅಂತೀರಿ! ದಾರ ಹಿಡಿದು ಎಳೆದ ಹಾಗಿತ್ತು. ಇಷ್ಟು ಚೆಂದದ ಕೆಲಸಕ್ಕೆ ದೃಷ್ಟಿಯಾಗದೆ ಇರುತ್ತದೆಯೇ? ನಮ್ಮ ಕಡೆಯ ಪದ್ಧತಿಯಂತೆ ನಿಂಬೆಹಣ್ಣು ಕೊಯ್ದು, ಕುಂಕುಮ ಹಚ್ಚಿ, ನಾಲ್ಕು ಮೂಲೆಗೂ ಒಂದೊಂದು ಹೋಳು ಇಟ್ಟೆ.

ಅವತ್ತು ಇಡೀ ದಿನ ಗೆರೆಯ ಹತ್ತಿರ ಒಂದು ನರಪಿಳ್ಳೆ ಸುಳಿಯಲಿಲ್ಲ. ಹೆಂಗಸರು ಮಕ್ಕಳನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಲಾರಿಗಳ ನಡುವೆಯೇ ನುಸುಳಿ ಬೇರೆ ಕಡೆ ದಾಟಿದರು. ಸಾಯಂಕಾಲ ಓವರ್‌ಸಿಯರು ಬಂದರು. ಸ್ವಾಮಿ, ನೀವಾದರೂ ಒಂದು ಸಲ ದಾಟಿ ತೋರಿಸಿ, ಜನಕ್ಕೆ ಧೈರ್ಯ ಬರುತ್ತೆ ಅಂದೆ. ಅವರು ಹೋಳುಗಳನ್ನು ನೋಡಿ ಎರಡು ಹೆಜ್ಜೆ ಹಿಂದೆ ಸರಿದರು.

"ನನಗೂ ಹೆಂಡ್ತಿ ಮಕ್ಕಳು ಇದ್ದಾರೆ ಕಣಯ್ಯ" ಅಂದರು.

ಜಟಕಾ

ನಿಂಬೆಹಣ್ಣು ಎತ್ತಿಸಿದ ಮೇಲೆ ಗಾಡಿ ನಿಲ್ಲಿಸುವ ಸರದಿ. ಈಗಿನ ಶಿವಾಜಿನಗರದ ಕಡೆಯ ಒಬ್ಬ ಜಟಕಾ ಸಾಬರನ್ನು ಗದರಿಸಿ ಗೆರೆಯ ಹತ್ತಿರ ನಿಲ್ಲಿಸಿದೆ. ನಿಂತರು. ಹಿಂದೆ ಬಂದವರೂ ನಿಂತರು. ನನ್ನ ದನಿಯ ಜೋರು ನೋಡಿ ಅಂತ ಎದೆಯುಬ್ಬಿಸಿ ಚಹಾ ಕುಡಿಯಲು ಹೋದೆ.

ಬಂದು ನೋಡಿದರೆ ಕುದುರೆಗಳು ಹುಲ್ಲು ಮೇಯುತ್ತಿವೆ, ಜನ ಗಂಟುಮೂಟೆ ಸಮೇತ ಬಂದು ಸವಾರಿಗೆ ಚೌಕಾಸಿ ಮಾಡುತ್ತಿದ್ದಾರೆ. ಬೀದಿ ದಾಟುವ ಜಾಗ ಜಟಕಾ ನಿಲ್ದಾಣವಾಗಿತ್ತು. ಇನ್ನೂ ಯಾಕ್ರೀ ಇಲ್ಲೇ ಇದ್ದೀರಿ ಅಂತ ರೇಗಿದೆ.

ಸಾಬರು ಬೀಡಿ ಹಚ್ಚುತ್ತಾ, "ನಿಲ್ಲಿ ಅಂದ್ರಿ ತಮ್ಮಾ, ನಿಂತ್ವಿ. ಹೋಗಿ ಅಂತ ಯಾರು ಹೇಳಿದ್ರು?" ಅಂದರು.

ಸೈಕಲ್ಲು

ಭಾನುವಾರ ನನಗೆ ರಜ. ನನ್ನದೊಂದು ಬಾಡಿಗೆ ಕೋಣೆ. ಅಕ್ಕಪಕ್ಕದವರದು ತಮಿಳು, ಎದುರಿನವರದು ಉರ್ದು. ನನ್ನ ಹೋರಿಯ ಕತೆ ಕೇಳುವವರು ಒಬ್ಬರಿಲ್ಲ. ಗೋಡೆಗೆ ಎಷ್ಟು ಸಲ ಹೇಳೋದು? ಅದಕ್ಕೇ ರಜದ ದಿನವೂ ಖಾಕಿ ಅಂಗಿ ತೊಟ್ಟು ಗೆರೆಯ ಹತ್ತಿರವೇ ಹೋಗಿ ನಿಲ್ಲುತ್ತಿದ್ದೆ.

ಒಂದು ಭಾನುವಾರ ಒಬ್ಬ ಗೋರಾ ಸೋಲ್ಜರು ಸೈಕಲ್ಲಿನಲ್ಲಿ ಬಂದು ಗೆರೆ ಕಂಡು ನಿಂತ. ನಗುತ್ತಾ ಏನೋ ಕೇಳಿದ. ದಂಡಿನ ಇಂಗ್ಲಿಷು ನನಗೇನು ಹೊಸದೇ? "ಯೆಸ್" ಅಂದೆ. ಅವನು ಸೈಕಲ್ಲನ್ನು ನನ್ನ ಕೈಗೆ ಕೊಟ್ಟು ಬಜಾರಿನೊಳಗೆ ಹೋದವನು ಹೊತ್ತು ಇಳಿಯುವ ತನಕ ಬರಲಿಲ್ಲ. ನಾನೂ ಬಿಡಲಿಲ್ಲ, ನಿಂತೇ ಇದ್ದೆ.

ಹೋರಿಯ ಕತೆ ಪೂರ್ತಿ ಹೇಳಿ ಮುಗಿಸಿದೆ. ಸೈಕಲ್ಲು ನಡುವೆ ಬಾಯಿ ಹಾಕಲಿಲ್ಲ.

ಪಾಟಿ

ಇಷ್ಟಾದರೂ ನನ್ನ ಗೆರೆಯನ್ನು ಗೆಲ್ಲಿಸಿದವಳು ಒಬ್ಬಳಿದ್ದಳು: ಬೀದಿಯ ಬದಿಯಲ್ಲಿ ಕನಕಾಂಬರ ಮಾರುವ ಮುದುಕಿ. ಬಜಾರಿನವರೆಲ್ಲ ತಮಿಳಿನಲ್ಲಿ ಪಾಟಿ, ಅಂದರೆ ಅಜ್ಜಿ, ಅನ್ನುತ್ತಿದ್ದರು. ದಿನಾ ಹೂವಿನ ಬುಟ್ಟಿ ಬಿಟ್ಟು ಎದ್ದು ಬಂದು ನನ್ನ ಕೈ ಹಿಡಿಯುವಳು. ನಾನು ಇನ್ನೊಂದು ಕೈ ಎತ್ತಿ ಲಾರಿ ನಿಲ್ಲಿಸಿ, ರಾಜಠೀವಿಯಲ್ಲಿ ಆಚೆಗೆ ಹೋಗುತ್ತಿದ್ದೆ. "ಸಾಪಾಡು ಆಯ್ತಾ ತಂಬಿ?" ಅಂತ ಕೇಳುವಳು. ದಂಡಿನಲ್ಲಿ ನನ್ನ ಊಟ ವಿಚಾರಿಸಿದವರು ಬೇರೆ ಯಾರೂ ಇಲ್ಲ. ನಾನು ಈಚೆಗೆ ಬಂದು ನಿಂತರೆ, ಸ್ವಲ್ಪ ಹೊತ್ತಿಗೆ ಮತ್ತೆ ಬಂದು ಕೈ ಹಿಡಿಯುವಳು. ಮುದುಕಿಗೆ ಅದೆಷ್ಟು ಕೆಲಸವಪ್ಪಾ ಆಚೆ ಬದಿಯಲ್ಲಿ ಅಂದುಕೊಳ್ಳುತ್ತಿದ್ದೆ.

ದೀಪಾವಳಿ ಹತ್ತಿರ ಬಂತು. ಓವರ್‌ಸಿಯರು ಸುಣ್ಣ ಅಳಿಸಲು ಆಳುಗಳನ್ನು ಕರೆದುಕೊಂಡೇ ಬಂದರು. ನಾನು ಬಗ್ಗಲಿಲ್ಲ. ಬೇಕಾದರೆ ಪಾಟಿಯನ್ನು ಕೇಳಿ ಸ್ವಾಮಿ, ನನ್ನ ಗೆರೆ ಇಲ್ಲದಿದ್ದರೆ ಈಕೆಯ ಗತಿಯೇನು ಅಂದೆ.

"ಏನಮ್ಮಾ, ದಿನಾ ದಾಟ್ತೀಯಂತೆ. ಆ ಕಡೆ ಏನು ಕೆಲಸ?" ಅಂದರು ಅವರು.

"ನನಗೇನು ಕೆಲಸ ಸಾಮಿ? ಮನೆ, ಬುಟ್ಟಿ ಎಲ್ಲಾ ಈ ಕಡೇನೇ. ಈ ತಂಬಿ ಹಳ್ಳಿ ಹುಡುಗ. ಲಾರಿ ಕಂಡ್ರೆ ಬಯ, ದಾಟೋಕ್ಕೆ ಬರಲ್ಲ. ಬೆಳಿಗ್ಗೆಯಿಂದ ಕೈ ಎತ್ಕೊಂಡು ನಿಂತಿರ್ತಾನೆ, ಪಾವಂ. ನಾನೇ ಹಿಡ್ಕೊಂಡು ಆ ಕಡೆ ಬಿಡ್ತೀನಿ. ಏನು ಮರೀತಾನೋ, ತಿರುಗಾ ಇಲ್ಲೇ ಬಂದು ನಿಂತ್ಕೋತಾನೆ" ಅಂದಳು.

ಆಳುಗಳು ಪೊರಕೆ ಬಿಟ್ಟು ಹೊಟ್ಟೆ ಹಿಡಿದುಕೊಂಡರು. ಓವರ್‌ಸಿಯರು ನಕ್ಕದ್ದನ್ನು ನಾನು ಅವತ್ತೇ ಮೊದಲು ಕಂಡದ್ದು. ಕಣ್ಣೊರೆಸಿಕೊಂಡು, "ದಿನಾ ದಾಟೋರು ಇಬ್ಬರಂತೂ ಇದ್ದೀರಲ್ಲ. ಗೆರೆ ಇರಲಿ ಬಿಡು" ಅಂದರು.

ಹೋರಿ ಹಿಡಿದ ಗಂಡಿಗೆ ಇಂಥ ಮಾತೇ? ನಾಳೆಯೇ ಪಾಟಿಯನ್ನು ಕೂರಿಸಿಕೊಂಡು ಎಲ್ಲಾ ಬಿಡಿಸಿ ಹೇಳಬೇಕು ಅಂತ ತೀರ್ಮಾನ ಮಾಡಿದೆ. ಬೆಳಿಗ್ಗೆ ಹೋದೆ. ಪಾಟಿ ಹೂ ಕಟ್ಟುತ್ತಿದ್ದಳು. ಲಾರಿಗಳು ಸಾಲಾಗಿ ಬರುತ್ತಿದ್ದವು. ನಾನು ಗೆರೆಯ ಪಕ್ಕ ನಿಂತು, ಆಕೆಗೆ ಕಾಣುವ ಹಾಗೆ, ಸ್ವಲ್ಪ ಹೆದರಿದವನ ಮುಖ ಮಾಡಿದೆ.