ಅಳಿಯಂದಿರ ಕಾರಿನ ಗಾಲಿ ನಾನ ನೆಟ್ಟಗ ಮಾಡಿದ್ದು

ನಾನು ಯಾವ ಕೆಲಸಕ್ಕ ಕೈ ಹಾಕಿದ್ರೂ ಒಂದು ಕಥಿ ಆಗೇ ಆಗ್ತೈತಿ. ಕೈ ಹಾಕದವರಿಗೆ ಏನೂ ಆಗಂಗಿಲ್ಲ, ಅವರು ಕುಂತು ನನ್ನ ಕಥಿ ಕೇಳ್ತಾರ. ಸಾಲಿ ಮೆಟ್ಟಲ ಹತ್ತಿದವನಲ್ಲ ನಾನು. ಆದ್ರ ನೆಟ್ಟಗ ಅನ್ನೋದನ್ನ ನನ್ನಿಂದ ಕಲೀಬೇಕು. ವಯಸ್ಸಿನ್ಯಾಗ ಶಿರಗುಪ್ಪಿ ಹೊಲದಾಗ ನಾನು ಕೂರಿಗಿ ಹೊಡದ್ರ, ಮ್ಯಾಲೆ ಹಾರೋ ಬೆಳ್ಳಕ್ಕಿ ಕೆಳಗ ನೋಡಿ ತಮ್ಮ ಸಾಲು ಸರಿ ಮಾಡ್ಕೋತಿದ್ದವು. ಅಂಥಾ ನನ್ನನ್ನ ಒಂದು ಕಾರು ಒಂದು ವಾರ ಸೊಟ್ಟ ಮಾಡಿಬಿಡ್ತು.

೧. ಎಡಕ್ಕ ಹೊಂಟಿದ್ದು

ಧಾರವಾಡದಾಗಿನ ನಮ್ಮ ಅಳಿಯಂದಿರು ಆಫೀಸಿನ ಕೆಲಸಕ್ಕ ಕಲಬುರಗಿಗೆ ಹೊಂಟಿದ್ರು. ಹುಬ್ಬಳ್ಳ್ಯಾಗ ರೈಲು ಹತ್ತೋ ಮುಂದ ಹೊಸಾ ಕಾರು ನವನಗರದ ನಮ್ಮ ಅಂಗಳದಾಗ ಬಿಟ್ರು.

"ಮಾವಾರ, ಬ್ಯಾಟರಿ ಇಳೀಬಾರದು. ದಿನಾ ಒಂದು ಸುತ್ತು ಹಾಕ್ರಿ" ಅಂದ್ರು.

"ಚಿಂತಿ ಬಿಡ್ರಿ ಅಳ್ಯಾರ. ನನ್ನ ಕೈಯಾಗಿನ ಗಾಡಿ ಕೂದಲೆಳಿಯಷ್ಟೂ ಆಚೀಚಿ ಸರಿಯಂಗಿಲ್ಲ" ಅಂದೆ.

ಒಂದು ಸುತ್ತು ಅಂದಿದ್ರು, ಎಲ್ಲಿ ಅಂತ ಹೇಳಿರಲಿಲ್ಲ. ಮರುದಿನ ಶಿರಗುಪ್ಪಿಗೆ ಒಯ್ದೆ, ಊರವರು ನೋಡ್ಲಿ ಅಂತ. ಹೊಲದ ದಾರ್ಯಾಗ ಮುಂದಿನ ಗಾಲಿ ತೆಗ್ಗಿಗೆ ಇಳಿದು ಬದುವಿನ ಕಲ್ಲಿಗೆ ಧಡ್ ಅಂತ ಬಡೀತು. ಅಲ್ಲಿಂದ ಶುರು ಆತು ನೋಡ್ರಿ, ಸ್ಟೇರಿಂಗ್ ಬಿಟ್ರ ಸಾಕು, ಗಾಡಿ ಎಡಕ್ಕ ಎಳ್ಯಾಕತ್ತಿತು.

ಹುಬ್ಬಳ್ಳಿಗೆ ಬರತೇನಿ ಅಂತ ನನ್ನ ಸಣ್ಣಂದಿನ ಗೆಳೆಯ ಒಬ್ಬ ಮಗ್ಗಲದಾಗ ಕುಂತಿದ್ದ. "ಯಾಕಲೇ, ಎಡಕ್ಕ ಹೊಂಟೈತಲ್ಲ?" ಅಂದ.

ನಾನು ಸ್ಟೇರಿಂಗ್ ಬಲಕ್ಕ ಜಗ್ಗಿ ಹಿಡದೆ. ಆದ್ರೂ ಮಾತು ಬಿಡಲಿಲ್ಲ. "ನಮ್ಮ ಹೊಲ ಎಡಕ್ಕೈತಿ. ಶಾಣ್ಯಾ ಗಾಡಿ, ನೋಡಬೇಕು ಅಂತೈತಿ."

ಹುಬ್ಬಳ್ಳಿ ಬಂತು. ಗಾಡಿ ಇನ್ನೂ ಎಡಕ್ಕ ಎಳೀತಿತ್ತು. ಇಳಿಯೋ ಮುಂದ ಅಂವ ಅಂದ, "ನಿನ್ನ ಹೊಲ ಇಲ್ಲೀ ಮಟಾ ಐತಿ ಅಂತ ಇವತ್ತ ಗೊತ್ತಾತಪ."

೨. ಹುರಿ ಕಟ್ಟಿದ್ದು

ಗಾಲಿ ಅಲೈನ್‌ಮೆಂಟ್ ಮಾಡೋ ಅಂಗಡಿಗೆ ಹೋಗಾಕ ಬರತಿರಲಿಲ್ಲ. ಅಂಗಡಿಯವ ಅಳಿಯಂದಿರ ಗೆಳೆಯ. ನಾನು ಗೇಟಿನ ಒಳಗ ಹೋಗೂದ್ರಾಗ ಕಲಬುರಗಿಗೆ ಫೋನ್ ಹೋಗಿರ್ತಿತ್ತು. ಕೂದಲೆಳಿಯಷ್ಟೂ ಸರಿಯಂಗಿಲ್ಲ ಅಂದ ಬಾಯಿ ಇದು. ಅಳಿಯಂದಿರ ಮುಂದ ಮುಖ ಹೆಂಗ ಎತ್ತಲಿ? ರವಿವಾರ ಬರ್ತಾರ.

ಫೋನಿನ್ಯಾಗ ಒಂದು ವಿಡಿಯೊ ನೋಡಿದೆ. ಗಾಡಿಯ ಎರಡೂ ಮಗ್ಗಲಿಗೆ ಹುರಿ ಬಿಗಿಬೇಕು. ಹುರಿಯಿಂದ ಮುಂದಿನ ಗಾಲಿ ಎಷ್ಟು ದೂರ ಐತಿ ಅಂತ ಟೇಪು ಹಿಡೀಬೇಕು. ಸೊಟ್ಟ ಇದ್ರ ಕೆಳಗಿನ ರಾಡು ತಿರುವಿ ಸಮ ಮಾಡಬೇಕು. ಇಷ್ಟ. ನಾಲ್ಕೂ ಮೂಲಿಗೆ ಸ್ಟೂಲು ಇಟ್ಟು ಹುರಿ ಬಿಗಿದೆ, ನಟ್ಟು ತಿರುವೋ ಪಾನಾ ತರಾಕ ಒಳಗ ಹೋದೆ.

ಬಂದು ಟೇಪು ಹಿಡದ್ರ ಎಡಗಾಲಿ ನಾಲ್ಕು ಬೆರಳು ಸೊಟ್ಟ. ಗಾಡಿ ಮುಗೀತು ಅಂತ ಅಲ್ಲೇ ನೆಲಕ್ಕ ಕುಂತೆ. ಕುಂತ ಮ್ಯಾಲೆ ಕಾಣಿಸ್ತು: ನಮ್ಮ ಮನಿಯಾಕಿ ಎಡಗಡೆ ಹುರಿ ಮ್ಯಾಲೆ ಒಗೆದ ಹಸಿ ಕೌದಿ ಹಾಕ್ಯಾಳ, ಆ ಭಾರಕ್ಕ ಸ್ಟೂಲು ಒಳಗ ಜರದೈತಿ.

"ಇದ್ಯಾಕ ಹಾಕಿದಿ?" ಅಂತ ಕೇಳಿದೆ.

"ಅಂಗಳದಾಗ ಹುರಿ ಕಟ್ಟಿದ್ರ ಮತ್ತೇನ ಮಾಡ್ಬೇಕ್ರಿ? ಮದುವಿಯಾಗಿ ಇಷ್ಟು ವರ್ಷಕ್ಕ ಒಂದರ ಮನಿ ಕೆಲಸ ಮಾಡಿದ್ರಿ ಅಂತ ಖುಷಿ ಆಗಿತ್ತು ನನಗ."

೩. ಸ್ಟೇರಿಂಗ್ ಹಿಡಿದದ್ದು

ಕೌದಿ ತೆಗೆಸಿ, ಹುರಿ ಮತ್ತ ಬಿಗಿದು, ಗಾಡಿ ಕೆಳಗ ಹೊಕ್ಕೆ. ರಾಡು ತಿರುವೋ ಮುಂದ ಸ್ಟೇರಿಂಗ್ ನೆಟ್ಟಗ ಇರಬೇಕು, ಯಾರರ ಹಿಡಕೊಂಡು ಕೂಡಬೇಕು. ಕೌದಿಯ ತಪ್ಪಿಗೆ ಆಕಿನ್ನ ಕೂಡಿಸಿದೆ. ಖಾಲಿ ಕೂಡೋದು ಆಕಿಗೆ ಗೊತ್ತಿಲ್ಲ, ಮೆಂತೆಪಲ್ಯ ಸೋಸಾಕ ಅಗಲ ತಾಟಿನಂಥ ಪರಾತ ಹಿಡಕೊಂಡು ಹತ್ತಿದಳು.

"ಹಿಡಿದಿ ಏನು?"

"ಹಿಡಿದೇನ್ರಿ."

ಅರ್ಧ ದಿನ ತಿರುವಿದೆ, ಅಳತಿ ಮಾಡಿದೆ, ತಿರುವಿದೆ. ಎರಡೂ ಗಾಲಿ ಹುರಿಗೆ ಸಮ ಬಂದ್ವು. ನಟ್ಟು ಬಿಗಿದು, ಓಣ್ಯಾಗ ಒಂದು ಸುತ್ತು ಹೊಡದೆ. ಗಾಡಿ ಬಾಣದಂಗ ನೆಟ್ಟಗ ಹೊಂಟಿತು. ಆದ್ರ ಗಾಡಿ ನೆಟ್ಟಗ ಹೋಗೋ ಮುಂದ ಸ್ಟೇರಿಂಗ್ ಮಾತ್ರ ಸೊಟ್ಟ, ಕುತಿಗಿ ಹಿಡಕೊಂಡವರಂಗ ಒಂದು ಕಡೆ ವಾಲಿತ್ತು.

"ನೀ ಸ್ಟೇರಿಂಗ್ ತಿರುವಿದಿ ಏನು?"

"ಪರಾತ ಹಿಡಸಲಿಲ್ರಿ, ಒಂಚೂರು ಸರಿಸಿದೆ. ಇಷ್ಟು ದೊಡ್ಡ ಗಾಡಿ ಮಾಡ್ಯಾರ, ಪಲ್ಯ ಸೋಸಾಕ ಜಾಗಾ ಬಿಟ್ಟಿಲ್ಲ."

ಮತ್ತ ಬಿಚ್ಚಬೇಕು ಅನ್ನೂದ್ರಾಗ ಫೋನ್ ಬಂತು. "ಮಾವಾರ, ಸ್ಟೇಷನ್ದಾಗ ಇಳಿದೇನಿ. ಆಟೋದಾಗ ಬಂದಬಿಡ್ತೇನಿ."

೪. ಅಳಿಯಂದಿರ ಕೈ

ಅಳಿಯಂದಿರು ಬಂದವರ, "ನಡೀರಿ, ಊಟಕ್ಕ ಧಾರವಾಡಕ್ಕ ಹೋಗೂಣು" ಅಂತ ನಮ್ಮಿಬ್ಬರನೂ ಹತ್ತಿಸಿಕೊಂಡ್ರು. ನಾನು ಮುಂದ, ಮನಿಯಾಕಿ ಹಿಂದ.

"ಗಾಡಿ ಹೆಂಗೈತ್ರಿ ಮಾವಾರ?"

"ನೀವು ಬಿಟ್ಟು ಹೋದಾಗಿಗಿಂತ ನೆಟ್ಟಗೈತಿ." ನಾಲಿಗಿ ಹೇಳಿಬಿಡ್ತು.

ನವನಗರ ಬಿಟ್ಟಾಗಿಂದ ನಾನು ರಸ್ತೆ ನೋಡಲಿಲ್ಲ, ಅವರ ಕೈ ನೋಡಿದೆ. ಸ್ಟೇರಿಂಗ್ ನೆಟ್ಟಗ ಮಾಡ್ತಿದ್ರು, ಗಾಡಿ ಡಿವೈಡರ್ ಕಡೆ ಹೋಗ್ತಿತ್ತು. ಗಾಬರಿಯಾಗಿ ಸೊಟ್ಟ ಮಾಡ್ತಿದ್ರು, ಗಾಡಿ ನೆಟ್ಟಗ ಆಗ್ತಿತ್ತು. ಈಗ ಕೇಳ್ತಾರ, ಈಗ ಕೇಳ್ತಾರ ಅಂತ ಜೀವ ಹಿಡಕೊಂಡು ಕುಂತೆ. ಅವರು ಒಮ್ಮೆ ಕುತಿಗಿ ಹೊರಳಿಸಿದ್ರು, ಒಮ್ಮೆ ಕಣ್ಣು ತಿಕ್ಕಿಕೊಂಡ್ರು.

ರಾಯಾಪುರದ ಹತ್ರ ಗಾಡಿ ಮಗ್ಗಲಿಗೆ ಹಾಕಿ ನಿಲ್ಲಿಸಿದ್ರು. ಮುಗೀತು ನನ್ನ ಮರ್ಯಾದಿ ಅಂತ ಕಣ್ಣು ಮುಚ್ಚಿದೆ.

"ಮಾವಾರ, ಯಾರಿಗೂ ಹೇಳಬ್ಯಾಡ್ರಿ. ನನ್ನ ಕೈಗೆ ಏನೋ ಆಗೇತಿ. ನೆಟ್ಟಗ ಹಿಡಿದೇನಿ ಅನಸ್ತೈತಿ, ನೋಡಿದ್ರ ಸೊಟ್ಟ ಹಿಡಿದಿರ್ತೇನಿ. ವಾರದ ಹಿಂದ ಹಿಂಗ ಇರಲಿಲ್ಲ. ನಿಮ್ಮ ಗುರುತಿನವರು ಕೈ ತಿಕ್ಕೋರು ಯಾರರ ಅದಾರೇನ್ರಿ?"

ಪಾಪ, ಮುಖ ಸಣ್ಣದಾಗಿತ್ತು. ನನಗ ಹೋದ ಜೀವ ತಿರುಗಿ ಬಂತು. ಬಂದದ್ದ ತಡ, ಬಾಯಿ ತನ್ನ ಕೆಲಸ ಶುರು ಮಾಡ್ತು.

"ಬ್ಯಾರೇದವರು ಯಾಕ್ರಿ? ನಾ ಇಲ್ಲೇನು? ಹಿಂದಕ ಒಂದು ಎತ್ತಿನ ನಾಲ್ಕೂ ಕಾಲು ಸೊಟ್ಟ ಇದ್ವು. ಬರೇ ಕೈಯಾಗ ತಿರುವಿ ತಿರುವಿ ನೆಟ್ಟಗ ಮಾಡೇನಿ. ಆಮ್ಯಾಲೆ ಅದು ಕುದುರಿಗಿಂತ ಜೋರ ಓಡ್ತಿತ್ತು. ಕೊಡ್ರಿಲ್ಲೆ ಕೈ."

ಅಳಿಯಂದಿರು ಖರೇನ ಅಂಗಿ ತೋಳು ಏರಿಸಿ ಕೈ ಚಾಚಿದ್ರು. ಹಿಂದಿನ ಸೀಟಿನ್ಯಾಗಿಂದ ನಮ್ಮ ಮನಿಯಾಕಿ ಮುಂದ ಬಗ್ಗಿ, ಆ ಕೈ ಮೆಲ್ಲಕ ಹಿಂದ ಸರಿಸಿದಳು.

"ಬ್ಯಾಡ್ರಿ ಅಳ್ಯಾರ. ಗಾಡಿನೂ ಹಿಂಗ ಹೇಳೇ ನೆಟ್ಟಗ ಮಾಡ್ಯಾರ."