ರಾಯರು ಏಳಲಿಲ್ಲ, ನಾನೂ ಏಳಲಿಲ್ಲ

ಮೊದಲಿಗೇ ಕ್ಷಮೆ ಕೇಳಿಕೊಳ್ಳುತ್ತೇನೆ. ನನಗೆ ಸಂಗತಿಗಳನ್ನು ಚೆನ್ನಾಗಿ ಹೇಳಲು ಬರುವುದಿಲ್ಲ. ಈವರೆಗೆ ನಾನು ಬರೆದದ್ದೆಲ್ಲ ಕಚೇರಿಯ ಟಪಾಲು, ಅದನ್ನು ಓದಿ ಯಾರೂ ನಕ್ಕಿಲ್ಲ. ಆದರೆ ಊಟದ ತಾಟಿನ ಮುಂದೆ ಕೂತಾಗಲೆಲ್ಲ ನನಗೆ ಏನಾದರೊಂದು ಆಗಿಯೇ ತೀರುತ್ತದೆ, ಅದೂ ಯಾರೆದುರು ಆಗಬಾರದೋ ಅವರೆದುರಿಗೇ.

ಸ್ವಲ್ಪ ಹಿನ್ನೆಲೆ ಹೇಳಬೇಕು, ಇಲ್ಲದಿದ್ದರೆ ತಿಳಿಯಲಿಕ್ಕಿಲ್ಲ. ನಾನು ಗದಗಿನ ಕಡೆಯವನು, ಪುಣೆಯ ಒಂದು ಸರಕಾರಿ ಕಚೇರಿಯಲ್ಲಿ ಹಂಗಾಮಿ ಕಾರಕೂನ. ಹಂಗಾಮಿ ಎಂದರೆ ಇಂದು ಕುರ್ಚಿ ಇದೆ, ನಾಳೆ ಇರಲಿಕ್ಕಿಲ್ಲ. ಕಾಯಂ ಆಗಬೇಕಾದರೆ ನಮ್ಮ ಹೆಡ್ ಕ್ಲಾರ್ಕರು ಶಿಫಾರಸು ಮಾಡಬೇಕು. ಅವರು ವಿಜಾಪುರದ ಕಡೆಯವರು, ಎಲ್ಲರೂ ಅವರಿಗೆ ರಾಯರು ಎನ್ನುತ್ತೇವೆ. ರಾಯರ ಮನೆಯವರು ಮಗಳ ಬಾಣಂತನಕ್ಕೆಂದು ಊರಿಗೆ ಹೋದ ಮೇಲೆ ರಾಯರು ರವಿವಾರ ಪೇಟೆ ಎಂಬ ಓಣಿಯ ಒಂದು ಗುಜರಾತಿ ಭೋಜನಾಲಯದಲ್ಲಿ ಮಧ್ಯಾಹ್ನದ ಊಟವನ್ನು ತಿಂಗಳ ಲೆಕ್ಕದಲ್ಲಿ ಹಚ್ಚಿದರು. ಅವರ ಕಣ್ಣಿಗೆ ಬೀಳುತ್ತಿದ್ದರೆ ನನ್ನ ಕೆಲಸ ಆದೀತೆಂದು ನಾನೂ ಅಲ್ಲೇ ಊಟ ಹಚ್ಚಿದೆ. ಕಣ್ಣಿಗೆ ಬಿದ್ದೆ. ಹೇಗೆ ಬಿದ್ದೆ ಎಂಬುದನ್ನೇ ಹೇಳಹೊರಟಿದ್ದೇನೆ.

೧. ಬೇಳೆಯೊಳಗಿನ ಬೆಲ್ಲ

ಅಲ್ಲಿ ಎರಡು ಸಾಲು ಮಣೆ. ಪ್ರತಿ ಮಣೆಯ ಮುಂದೆ ಹಿತ್ತಾಳೆಯ ತಾಟು, ತಾಟಿನೊಳಗೆ ಸುತ್ತಲೂ ಸಣ್ಣ ಬಟ್ಟಲು. ಬಡಿಸುವವನಿಗೆ ಮಹಾರಾಜ ಎನ್ನುತ್ತಾರೆ. ರಾಜನಲ್ಲ, ಅಡಿಗೆಯವನು. ಆದರೆ ನಡಿಗೆ ಮಾತ್ರ ರಾಜನದೇ.

ಮೊದಲ ದಿನ ಬೇಳೆಯ ಬಟ್ಟಲಿಗೆ ಬಾಯಿ ಹಚ್ಚಿದೆ. ಸಿಹಿ! ನಮ್ಮ ಕಡೆ ಬೇಳೆ ಸಿಹಿಯಾಗುವುದು ಹೋಳಿಗೆಯ ಹೂರಣದಲ್ಲಿ ಮಾತ್ರ. ಪಾಪ, ಇವನ ಕೈ ತಪ್ಪಿ ಬೆಲ್ಲ ಬಿದ್ದಿದೆ ಎಂದುಕೊಂಡೆ. ಮಾಲಕರು ಬಾಗಿಲಲ್ಲೇ ಕೂತಿದ್ದರು. ಅವರಿಗೆ ಗೊತ್ತಾದರೆ ಇವನ ಗತಿ ಏನು? ಕೆಲಸ ಹೋಗುವ ಹೆದರಿಕೆ ಎಂಥದೆಂಬುದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅವನನ್ನು ಹತ್ತಿರ ಕರೆದು ಮರಾಠಿಯಲ್ಲಿ ಪಿಸುಗುಟ್ಟಿದೆ. ಓದುವವರಿಗೆ ಅನುಕೂಲವಾಗಲೆಂದು ಕನ್ನಡದಲ್ಲೇ ಬರೆಯುತ್ತೇನೆ.

"ಮಹಾರಾಜ, ಬ್ಯಾಳ್ಯಾಗ ಬೆಲ್ಲ ಬಿದ್ದದ. ಹೆದರಬ್ಯಾಡ. ನಾ ಯಾರ ಮುಂದೂ ಹೇಳಂಗಿಲ್ಲ."

ಅವನು ನೆಟ್ಟಗೆ ನಿಂತ. ಎರಡೂ ಸಾಲಿಗೆ ಕೇಳುವಂತೆ ಕೂಗಿದ: "ನಮ್ಮ ಮುತ್ತ್ಯಾನ ಕಾಲದಿಂದ ಬೀಳಲಿಕ್ಕತ್ತದ! ಇವತ್ತ ಈ ಸಾಹೇಬರು ಹಿಡದಾರ ನೋಡ್ರಿ!"

ಎದುರು ಸಾಲಿನಲ್ಲಿದ್ದ ರಾಯರು ಕನ್ನಡಕದ ಮೇಲಿಂದ ನನ್ನನ್ನು ನೋಡಿದರು. "ಕಚೇರ್ಯಾಗಿನ ತಪ್ಪೂ ಹಿಂಗ ಹಿಡದಿದ್ರ ಭಾಳ ಛಲೋ ಇತ್ತು" ಎಂದರು.

೨. ಬಾರದ ಅನ್ನ

ಮರುದಿನ ಬಾಯಿ ಬಿಡಲೇಬಾರದೆಂದು ನಿಶ್ಚಯಿಸಿ ಹೋದೆ. ಅದೇ ತಪ್ಪಾಯಿತು.

ನಮ್ಮ ಮನೆಯಲ್ಲಿ ಊಟ ಮೊದಲಾಗುವುದೇ ಅನ್ನದಿಂದ. ಅಲ್ಲಿ ಮೊದಲು ಫುಲ್ಕಾ. ಫುಲ್ಕಾ ಎಂದರೆ ಗಾಳಿ ತುಂಬಿದಂತೆ ಉಬ್ಬಿದ, ತುಪ್ಪ ಸವರಿದ ತೆಳ್ಳನೆಯ ಚಪಾತಿ. ಅದು ಸಾಕು ಎಂದ ಮೇಲೆಯೇ ಅನ್ನ ತರುತ್ತಾರೆ. ಮೊದಲ ದಿನ ಬೆಲ್ಲದ ಗದ್ದಲದಲ್ಲಿ ಅರ್ಧಕ್ಕೇ ಎದ್ದಿದ್ದರಿಂದ ಇದು ನನಗೆ ಗೊತ್ತಿರಲಿಲ್ಲ. ಅನ್ನ ಬಂದ ಮೇಲೆ ಸಾಕು ಎನ್ನೋಣವೆಂದು ನಾನು, ಸಾಕು ಎಂದ ಮೇಲೆ ಅನ್ನ ತರೋಣವೆಂದು ಮಹಾರಾಜ. ತಾಟು ಬರಿದಾದ ಕೂಡಲೇ ಫುಲ್ಕಾ ಬೀಳುತ್ತಿತ್ತು. ಬಿದ್ದದ್ದನ್ನು ಬಿಡಬಾರದೆಂದು ತಿನ್ನುತ್ತಿದ್ದೆ. "ಅನ್ನ ಎಲ್ಲಿ?" ಎಂದು ಕೇಳಬಹುದಿತ್ತು. ಆದರೆ ಹಂಗಾಮಿ ಮನುಷ್ಯ ಹೆಡ್ ಕ್ಲಾರ್ಕರ ಎದುರಿಗೆ ಕೂತು ಅದು ಎಲ್ಲಿ, ಇದು ಎಲ್ಲಿ ಎಂದರೆ ಆಸೆಬುರುಕ ಎನ್ನಿಸಿಕೊಳ್ಳುವುದಿಲ್ಲವೇ?

ಹದಿನಾರನೆಯದಕ್ಕೆ ಮಹಾರಾಜ ನನ್ನನ್ನು ಬಿಟ್ಟು ರಾಯರನ್ನೇ ಕೇಳಿದ: "ಇವರು ಯಾವ ತಾಲೀಮಿನ ಪೈಲವಾನರು?"

ಆ ಮಧ್ಯಾಹ್ನ ಕಚೇರಿಯಲ್ಲಿ ರಾಯರು ನನ್ನನ್ನು ಕರೆದು, "ನೀವು ಪೈಲವಾನರಂತ ಕೇಳೀನಿ, ಆ ದಪ್ತರದ ಕಪಾಟು ಒಂದೀಟು ಆ ಗ್ವಾಡೀಗೆ ಸರಸ್ರಿ" ಎಂದರು. ಸರಿಸಿದೆ. ಇಲ್ಲ ಎನ್ನಲು ನಾನೇನು ಕಾಯಂ ನೌಕರನೇ?

೩. ಅಡ್ಡ ಹಿಡಿದ ಕೈ

ಬೇಡವಾದಾಗ ತಾಟಿನ ಮೇಲೆ ಕೈ ಅಡ್ಡ ಹಿಡಿಯಬೇಕೆಂದು ಪಕ್ಕದ ಮಣೆಯವರನ್ನು ನೋಡಿ ಕಲಿತೆ. ಅವರು ಹಿಡಿದು ತಕ್ಷಣ ತೆಗೆಯುತ್ತಿದ್ದರು. ನಾನು ಹಿಡಿದು ಹಾಗೇ ಇಟ್ಟೆ. ಆ ದಿನ ಶ್ರೀಖಂಡ. ಗುಜರಾತಿ ಆಗ್ರಹ, ಎಂದರೆ ಇನ್ನಷ್ಟು ಉಣ್ಣಿರೆಂಬ ಒತ್ತಾಯ, ದೊಡ್ಡದು. ಮಹಾರಾಜ "ಎರಡೇ ಚಮಚ" ಎಂದವನೇ ನನ್ನ ಬಲಗೈಯ ಮೇಲೆಯೇ ಬಡಿಸಿ ಮುಂದೆ ಹೋದ.

ಈಗ ನನ್ನ ಅವಸ್ಥೆ ತಿಳಿದುಕೊಳ್ಳಿರಿ. ಉಣ್ಣುವ ಕೈಯ ಮೇಲೆ ಶ್ರೀಖಂಡ ಕೂತಿದೆ. ಎಡಗೈಯನ್ನು ಊಟಕ್ಕೆ ತರುವಂತಿಲ್ಲ. ಕೈಗೆ ನಾಲಿಗೆ ಹಚ್ಚೋಣವೆಂದರೆ ಎದುರಿಗೆ ರಾಯರು. ಕೈಯನ್ನು ಅಲುಗಿಸದೆ ದೀಪ ಹಿಡಿದವನಂತೆ ಕೂತೆ. ಅಷ್ಟರಲ್ಲಿ ರಾಯರು ಊಟ ಮುಗಿಸಿ ನನ್ನ ಮಣೆಯ ಹತ್ತಿರ ಹಾದರು. ಹಿರಿಯರು ಹಾಯುವಾಗ ಸುಮ್ಮನೆ ಕೂಡುವುದು ಹೇಗೆ? ಅಭ್ಯಾಸಬಲದಿಂದ ಎರಡೂ ಕೈ ಜೋಡಿಸಿಬಿಟ್ಟೆ. ಶ್ರೀಖಂಡ ಜಾರಿ ಅವರ ಧೋತರದ ಅಂಚಿಗೆ ಹೋಯಿತು.

ರಾಯರು ಅಂಚನ್ನು ನೋಡಿದರು, ನನ್ನನ್ನು ನೋಡಿದರು. "ಇನ್ನ ಮ್ಯಾಲೆ ನಮಸ್ಕಾರ ಬಾಯಿಲೆ ಅನ್ರಿ. ಸಾಕು."

೪. ರಾಯರ ಪಂಕ್ತಿ

ತಿಂಗಳ ಕೊನೆಯ ದಿನ ಬಂತು. ಅಂದಿಗೆ ನನ್ನ ಹಂಗಾಮಿ ಮುಗಿಯಬೇಕು. ಶಿಫಾರಸಿನ ಕಾಗದ ರಾಯರ ಮೇಜಿನ ಮೇಲೆ ಸಿದ್ಧವಾಗಿತ್ತು. ಅವರ ಸಹಿ ಬಿದ್ದು ಐದು ಗಂಟೆಯ ಟಪಾಲಿಗೆ ಮುಂಬಯಿಯ ದೊಡ್ಡ ಕಚೇರಿಗೆ ಹೋದರೆ ಉಳಿದೆ, ಇಲ್ಲವಾದರೆ ಗದಗಿನ ಗಾಡಿ. ರಾಯರು ಟೊಪ್ಪಿಗೆ ಇಟ್ಟುಕೊಂಡು, "ಊಟಾ ಮಾಡಿ ಬಂದು ಸಹಿ ಮಾಡ್ತೀನಿ. ನೀವೂ ಬರ್ರಿ, ಇವತ್ತ ನಾನ ನಿಮ್ಮನ್ನ ಊಟಕ್ಕ ಕರದೇನಿ ಅಂತ ತಿಳೀರಿ" ಎಂದರು. ನನ್ನ ಎದೆ ಹಿಗ್ಗಿತು.

ಅಕ್ಕಪಕ್ಕದಲ್ಲಿ ಕೂತೆವು. ಎಂಟು ಫುಲ್ಕಾಕ್ಕೆ ನನ್ನ ಹೊಟ್ಟೆ ತುಂಬಿತು. ಆದರೆ ಸಾಕು ಎನ್ನುವುದು ಹೇಗೆ? ನಮ್ಮಲ್ಲಿ ಹಿರಿಯರು ಕೈ ನಿಲ್ಲಿಸುವ ಮೊದಲು ಕಿರಿಯರು ನಿಲ್ಲಿಸುವುದಿಲ್ಲ. ನಾನು ನಿಲ್ಲಿಸಿದರೆ ರಾಯರು ಸಂಕೋಚಪಟ್ಟು ಅರೆಹೊಟ್ಟೆಯಲ್ಲಿ ಎದ್ದಾರು, ಅರೆಹೊಟ್ಟೆಯವರು ಸಿಟ್ಟಿನಲ್ಲಿ ಸಹಿ ಮಾಡದೇ ಬಿಟ್ಟಾರು. ಅವರ ತಾಟು ಬರಿದಾಗಲಿ, ಅವರು ಸಾಕು ಎನ್ನಲಿ ಎಂದು ಕಾಯುತ್ತ ತಿಂದೆ. ಅವರು ಅನ್ನಲಿಲ್ಲ.

"ತಗೋರಿ, ನಾಚಬ್ಯಾಡ್ರಿ" ಎಂದರು ರಾಯರು. ದನಿ ಸ್ವಲ್ಪ ಕುಗ್ಗಿತ್ತು.

"ತಗೋತೀನ್ರಿ. ನೀವೂ ತಗೋರಿ" ಎಂದೆ. ನನ್ನ ದನಿಯೂ ಕುಗ್ಗಿತ್ತು.

ಮಹಾರಾಜ ಎರಡೂ ತಾಟಿಗೆ ಹಾಕುತ್ತ ಹೋದ. ಎರಡು ಗಂಟೆಯಾಯಿತು. ಎರಡೂವರೆ. ಇಬ್ಬರೂ ಬೆವರುತ್ತಿದ್ದೆವು. ಉಳಿದವರೆಲ್ಲ ಎದ್ದು ಹೋಗಿದ್ದರು. ಮೂರಕ್ಕೆ ಹತ್ತು ನಿಮಿಷವಿದ್ದಾಗ ಮಹಾರಾಜ ಬರಿಗೈಯಲ್ಲಿ ಬಂದು ನಿಂತ. "ಹಿಟ್ಟು ಮುಗೀತು ರಾಯರ. ಇನ್ನ ಹಾಸಿಗಿ ಹಾಸಲೇನು?"

ರಾಯರು ಅವನಿಗೆ ಕೈ ಮುಗಿದರು. ಟಾಂಗಾದಲ್ಲಿ ಒರಗಿಕೊಂಡು ನರಳುತ್ತ ನನಗೆ ಹೇಳಿದರು: "ಏನ ಮನಶ್ಯಾರೀ ನೀವು! ಕರದವ ಮೊದಲ ಎದ್ರ ಕರಿಸಿಕೊಂಡವರು ಉಪವಾಸ ಏಳ್ತಾರಂತ ಹತ್ತನೇದಕ್ಕ ಹೊಟ್ಟಿ ತುಂಬಿದ್ರೂ ನಾ ಕೂತೀನಿ!"

"ನೀವು ಮೊದಲ ಏಳ್ತೀರಿ ಅಂತ ನಾನೂ ಕೂತಿದ್ದೆ ರೀ" ಎಂದೆ. ರಾಯರು ಕಣ್ಣು ಮುಚ್ಚಿದರು. ಕಚೇರಿ ಬರುವವರೆಗೂ ತೆರೆಯಲಿಲ್ಲ.

ನಾಲ್ಕೂವರೆಗೆ ಅವರನ್ನು ಮೇಜಿನ ಹತ್ತಿರ ನಿಲ್ಲಿಸಿದೆ. ಕೂಡಲು ಆಗುತ್ತಿರಲಿಲ್ಲ. ಹೊಟ್ಟೆ ಅಡ್ಡ ಬಂದು ಬಗ್ಗಲೂ ಆಗುತ್ತಿರಲಿಲ್ಲ. ತೋಳುದ್ದ ದೂರ ನಿಂತು, ಮುಖ ಮೇಲೆತ್ತಿ, ಕಾಗದ ನೋಡದೆಯೇ ಸಹಿ ಮಾಡಿದರು. ಸಹಿ ಮೇಲಿಂದ ಕೆಳಗೆ ಬಿದ್ದ ಬಳ್ಳಿಯಂತೆ ಕಾಣುತ್ತಿತ್ತು. ಅಂತೂ ಟಪಾಲು ಹೋಯಿತು.

ಐದನೆಯ ದಿನ, ಅಂದರೆ ಇವತ್ತು ಬೆಳಿಗ್ಗೆ, ಕಾಗದ ತಿರುಗಿ ಬಂದಿದೆ. ಕೆಂಪು ಶಾಯಿಯಲ್ಲಿ ಬರೆದಿದ್ದಾರೆ: "ಈ ಸಹಿ ನಮ್ಮಲ್ಲಿರುವ ಸಹಿಗೆ ತಾಳೆಯಾಗುವುದಿಲ್ಲ. ಇದನ್ನು ಮಾಡಿದವರು ಇನ್ನೊಮ್ಮೆ ಸಹಿ ಮಾಡಿ ಇವತ್ತಿನ ಟಪಾಲಿಗೇ ಕಳಿಸತಕ್ಕದ್ದು. ಅಲ್ಲಿಯವರೆಗೆ ಸದರಿ ಕಾರಕೂನನು ಹಂಗಾಮಿಯಾಗಿಯೇ ಇರತಕ್ಕದ್ದು."

ಇದರ ಅರ್ಥ ವಿವರಿಸಬೇಕು. ರಾಯರು ಎಂದಿನಂತೆ ಸಹಿ ಮಾಡಿದರೆ ಹೋದ ಸಲದ್ದು ಖೊಟ್ಟಿ ಎಂದಾಗುತ್ತದೆ. ಖೊಟ್ಟಿ ಸಹಿ ಯಾರ ಲಾಭಕ್ಕೆ? ನನ್ನದೇ. ಕಾಯಂ ಆಗುವುದು ಹೋಗಿ ಯರವಡಾ ಜೇಲು ಸೇರುವುದೇ ಗತಿ. ಅದೇ ಬಳ್ಳಿ ಇನ್ನೊಮ್ಮೆ ಬಿದ್ದರೆ ಮಾತ್ರ ಮೊದಲಿನದೂ ರಾಯರದೇ ಎಂದು ಸಾಬೀತಾಗುತ್ತದೆ. ರಾಯರು ಬೆಳಗಿನಿಂದ ರದ್ದಿ ಕಾಗದದ ಮೇಲೆ ಮೂವತ್ತು ಸಲ ಬಳ್ಳಿ ಎಳೆಯಲು ನೋಡಿದರು. ಪ್ರತಿ ಸಲವೂ ಮುತ್ತಿನಂಥ ಸಹಿ. ಕೊನೆಗೆ ಲೇಖಣಿಯನ್ನು ಕೆಳಗಿಟ್ಟು, "ಅದು ಹಸದ ಹೊಟ್ಟೀಲೆ ಬರೂ ಸಹಿ ಅಲ್ಲರೀ. ನಡೀರಿ" ಎಂದರು.

ಅವರು ಟೊಪ್ಪಿಗೆ ಹುಡುಕುವಷ್ಟರಲ್ಲಿ ಇದನ್ನೆಲ್ಲ ಬರೆಯುತ್ತಿದ್ದೇನೆ. ಈ ಸಲ ಲೆಕ್ಕ ತಪ್ಪುವ ಹಾಗಿಲ್ಲ. ಹೋದ ಸಲ ರಾಯರು ತಿಂದದ್ದು ಇಪ್ಪತ್ತೆರಡೋ ಇಪ್ಪತ್ಮೂರೋ ಎಂದು ಇನ್ನೂ ಇತ್ಯರ್ಥವಾಗಿಲ್ಲ. ಒಂದು ಕಡಿಮೆಯಾದರೆ ಸಹಿ ನೆಟ್ಟಗಾಗುತ್ತದೆ, ಒಂದು ಹೆಚ್ಚಾದರೆ ಅವರು ಮೇಜಿನವರೆಗೆ ಬರುವುದೇ ಕಷ್ಟ. ಅದಕ್ಕೆ ನಾವು ಮಾಡಿಕೊಂಡ ಗೊತ್ತುವಳಿ ಏನೆಂದರೆ, ಹದಿನೆಂಟನೆಯದು ಮುಗಿದ ಕೂಡಲೇ ನಾನು

ರಾಯರು ಕರೆಯುತ್ತಿದ್ದಾರೆ. "ಏನ್ ಬರಿಲಿಕ್ಕತ್ತೀರಿ? ಲಗೂ ಬರ್ರಿ! ಹಿಟ್ಟು ಹೆಚ್ಚಿಗಿ ಕಲಸ್ರಿ ಅಂತ ಮಹಾರಾಜಗ ಹೇಳಿ ಕಳಿಸೇನಿ!"